ಸೊನ್ನೆಯ ಗತ್ತು

ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮನೆಯಲ್ಲಿ ಅನ್ನ ಇಳಿಯುವುದಿಲ್ಲ. ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನೊಳಗೆ ಮಾತ್ರ ಸೊನ್ನೆಯದೇ ಯಜಮಾನಿಕೆ. ಅಡಿಪಾಯವಾದ ಲಿನಕ್ಸ್ ಎಲ್ಲರಿಗೂ ಒಂದೊಂದು ನಂಬರು ಕೊಟ್ಟಿರುತ್ತದೆ: ನಾವು ಹಾಕಿಕೊಂಡ ಆ್ಯಪ್‌ಗಳಿಗೆ 10000ದಿಂದ ಮೇಲೆ, ಒಳಗಿನದನ್ನೆಲ್ಲ ಬದಲಿಸಬಲ್ಲ ರೂಟ್ ಎಂಬ ಮಹಾಶಯನಿಗೆ 0. ದುಡ್ಡು ಕೊಟ್ಟು ತಂದವರಿಗೆ ಆ ಸೊನ್ನೆಯ ಹತ್ತಿರ ಸುಳಿಯಲೂ ಬಿಡುವುದಿಲ್ಲ. ಮೊದಲೇ ತುಂಬಿಸಿ ಕಳಿಸಿದ ಆ್ಯಪನ್ನು ಕಿತ್ತುಹಾಕೋಣ ಎಂದರೆ ಸಿಗುವುದು ‘ಡಿಸೇಬಲ್’ ಅಷ್ಟೇ. ಬೇಡದ ನೆಂಟನನ್ನು ಊರಿಗೆ ಅಟ್ಟಲಾಗದೆ ಹಿತ್ತಲ ಕೋಣೆಯಲ್ಲಿ ಮಲಗಿಸಿದ ಹಾಗೆ.

ಸೊನ್ನೆ ಪದವಿ ಗಿಟ್ಟಿಸುವ ಕೆಲಸ ಶುರುವಾಗುವುದೇ ತಮಾಷೆಯಾಗಿ. ಉದಾಹರಣೆಗೆ 2023ರ ಪಿಕ್ಸೆಲ್ ಟ್ಯಾಬ್ಲೆಟ್. ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರನ್ನು, ಅಂದರೆ ಒಳಗಿರುವ ಆಂಡ್ರಾಯ್ಡ್ ಆವೃತ್ತಿಯ ಗುರುತನ್ನು, 7 ಸಲ ತಟ್ಟಿದರೆ ಡೆವಲಪರ್ ಆಪ್ಷನ್ಸ್ ಎಂಬ ಅಡಗಿದ ಮೆನು ಕಣ್ಣುಬಿಡುತ್ತದೆ. ಅಲ್ಲಿ ಒಇಎಂ ಅನ್‌ಲಾಕಿಂಗ್, ಯುಎಸ್‌ಬಿ ಡೀಬಗ್ಗಿಂಗ್ ಎರಡನ್ನೂ ಆನ್ ಮಾಡಿ ಕಂಪ್ಯೂಟರಿಗೆ ಜೋಡಿಸಬೇಕು. ಕಂಪ್ಯೂಟರಿಗೆ ಟ್ಯಾಬ್ಲೆಟ್ ಕಾಣಿಸಲೇ ಇಲ್ಲವೆಂದರೆ ಡ್ರೈವರನ್ನು ಬೈಯುವ ಮುಂಚೆ ಕೇಬಲ್ ಬದಲಿಸಿ ನೋಡಿ; ಚಾರ್ಜ್ ಮಾತ್ರ ಹರಿಸಿ ಡೇಟಾ ಹರಿಸದ ಕೇಬಲ್ಲುಗಳು ಮನೆತುಂಬ ಇರುತ್ತವೆ. ಟ್ಯಾಬ್ಲೆಟ್ಟನ್ನು ಎಬ್ಬಿಸುವ ಮೊದಲ ಪ್ರೋಗ್ರಾಮಾದ ಬೂಟ್‌ಲೋಡರಿಗೆ ಹೋಗಿ, ಕಂಪ್ಯೂಟರಿನ ಫಾಸ್ಟ್‌ಬೂಟ್ ಎಂಬ ಸಲಕರಣೆಯಿಂದ ‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್’ ಎಂದರೆ ಬೀಗ ತೆರೆಯುತ್ತದೆ, ಜೊತೆಗೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಹಾಗೆ ಅಳಿಸದಿದ್ದರೆ ಕದ್ದವನೂ ಇದೇ ದಾರಿಯಲ್ಲಿ ನಿಮ್ಮ ಫೋಟೊಗಳವರೆಗೆ ಬರುತ್ತಿದ್ದ. ಖಾಲಿಯಾದ ಟ್ಯಾಬ್ಲೆಟ್ಟಿನಲ್ಲಿ ಮತ್ತೆ 7 ಸಲ ತಟ್ಟುವ ಯೋಗ.

ಮುಂದಿನದು ರೂಟ್ ಕೊಡಿಸುವ ಆ್ಯಪ್ ಮ್ಯಾಜಿಸ್ಕ್ ಪಾಲು. ನಿಮ್ಮದೇ ಬಿಲ್ಡಿನ ಫ್ಯಾಕ್ಟರಿ ಇಮೇಜಿನಿಂದ (ಕಂಪನಿ ಕೊಡುವ ಮೂಲ ಸಾಫ್ಟ್‌ವೇರಿನ ಕಟ್ಟು) ಟ್ಯಾಬ್ಲೆಟ್ ಏಳುವಾಗ ಓಡುವ ಇನಿಟ್-ಬೂಟ್ ಫೈಲನ್ನು ತೆಗೆದು, ಮ್ಯಾಜಿಸ್ಕ್ ಕೈಯಲ್ಲಿ ತೇಪೆ ಹಾಕಿಸಿ, ಫಾಸ್ಟ್‌ಬೂಟಿನಿಂದ ಅದೇ ಜಾಗಕ್ಕೆ ಬರೆಯಬೇಕು. ಹಳೆಯ ಮಾಡೆಲ್ಲುಗಳಲ್ಲಿ ಈ ತೇಪೆ ಬೂಟ್ ಫೈಲಿಗೆ. ಬಿಲ್ಡ್ ಒಂದಕ್ಷರ ತಪ್ಪಿದರೂ ಟ್ಯಾಬ್ಲೆಟ್ ಲೋಗೊ ತೋರಿಸುತ್ತಾ ಗಾಣದೆತ್ತಿನಂತೆ ಸುತ್ತುತ್ತಿರಬಹುದು. ಮೂಲ ಫೈಲು ಕಂಪ್ಯೂಟರಿನಲ್ಲಿದ್ದರೆ ಅದನ್ನೇ ತಿರುಗಿ ಬರೆದು ಎಬ್ಬಿಸಬಹುದು. ತೇಪೆ ಇರುವಾಗ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಲು ಮಾತ್ರ ಹೋಗಬೇಡಿ, ಅದು ಏಳದೇ ಹೋದೀತು.

ಇಷ್ಟು ಒಂದು ಮಧ್ಯಾಹ್ನದ ಕೆಲಸ. ಕಷ್ಟ ಇರುವುದು ಕೀಲಿಕೈ ಕಾಯುವುದರಲ್ಲಿ. 2009ರಲ್ಲಿ ಆಸ್ಟ್ರೇಲಿಯಾದ ಜೈಲ್‌ಬ್ರೇಕ್ ಆದ, ಅಂದರೆ ಆ್ಯಪಲ್ ಹಾಕಿದ ಬೀಗ ಮುರಿದ, ಐಫೋನುಗಳಿಗೆ ತಾನೇ ಹರಡುವ ಒಂದು ವರ್ಮ್ ನುಗ್ಗಿ ವಾಲ್‌ಪೇಪರಿನಲ್ಲಿ ಪಾಪ್ ಗಾಯಕನೊಬ್ಬನನ್ನು ಕೂರಿಸಿತು. ಆ ಫೋನುಗಳ ಮಾಲೀಕರು ದೂರದಿಂದ ಒಳಹೋಗಲು ಬಿಡುವ ಎಸ್‌ಎಸ್‌ಎಚ್ ಹಾಕಿಕೊಂಡು, ರೂಟ್‌ನ ‘ಆಲ್ಪೈನ್’ ಎಂಬ ಜಗಜ್ಜಾಹೀರು ಪಾಸ್‌ವರ್ಡನ್ನು ಹಾಗೇ ಬಿಟ್ಟಿದ್ದರು.

ಕೂಡುಕುಟುಂಬದ ಅಜ್ಜಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಲ್ಲ ಕೇಳಿದವರನ್ನು ‘ಯಾತಕ್ಕೆ?’ ಎಂದು ಗದರಿಸುತ್ತಿದ್ದಂತೆ ಮ್ಯಾಜಿಸ್ಕ್ ಕೂಡ ರೂಟ್ ಕೇಳುವ ಪ್ರತಿ ಆ್ಯಪನ್ನೂ ತಡೆದು ನಿಮ್ಮನ್ನು ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ 10 ಸೆಕೆಂಡಿನಲ್ಲಿ ತಾನೇ ಇಲ್ಲವೆನ್ನುತ್ತದೆ. ‘ಎಲ್ಲರಿಗೂ ಕೊಡು’ ಎಂಬ ಆಯ್ಕೆಯೂ ಇದೆ. ಆರಿಸಿದರೆ ಉಗ್ರಾಣದಲ್ಲಿ ಇಲಿಗೂ ಪಾಲು. ರೂಟ್ ಅನ್ನು ಆ್ಯಪ್‌ಗಳಿಗೆ ಮಾತ್ರ ಸೀಮಿತಗೊಳಿಸಿ, ಒಪ್ಪಿಗೆಗೆ ಬೆರಳಚ್ಚು ಕೇಳುವಂತೆ ಮಾಡಿ, ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಮುಚ್ಚಿಡಿ. ರೂಟ್ ಕಂಡು ಬ್ಯಾಂಕಿನ ಆ್ಯಪ್ ಮುನಿಸಿಕೊಂಡರೆ ರಮಿಸುವ ಉಪಾಯಗಳ ಹಿಂದೆ ಅಲೆಯುವುದಕ್ಕಿಂತ ಅದನ್ನು ಫೋನಿನಲ್ಲೇ ಇಟ್ಟುಕೊಳ್ಳುವುದು ವಾಸಿ.

ಅಪ್‌ಡೇಟ್ ಬಂದಾಗಲೂ ಆತುರ ಬೇಡ. ಮೊದಲು ಮ್ಯಾಜಿಸ್ಕ್‌ನಲ್ಲಿ ಮೂಲ ಇಮೇಜ್ ಮರಳಿಸಿ, ಅಪ್‌ಡೇಟ್ ಇಳಿಸಿ, ರೀಸ್ಟಾರ್ಟ್‌ಗೆ ಮುಂಚೆ ಮ್ಯಾಜಿಸ್ಕನ್ನು ಇನ್ನೊಂದು ಸ್ಲಾಟಿಗೆ, ಅಂದರೆ ಅಪ್‌ಡೇಟ್ ಇಳಿದ ಜಾಗಕ್ಕೆ, ಹಾಕಬೇಕು. ಅಭ್ಯಾಸಬಲದಿಂದ ‘ರೀಸ್ಟಾರ್ಟ್’ ಒತ್ತಿಬಿಟ್ಟಿರೋ, ಟ್ಯಾಬ್ಲೆಟ್ ಚೆನ್ನಾಗಿಯೇ ಏಳುತ್ತದೆ, ಸೊನ್ನೆ ಮಾತ್ರ ಇರುವುದಿಲ್ಲ. ಆ ಡೇಟಾ ಕೇಬಲ್ ಎಲ್ಲಿಟ್ಟಿದ್ದಿರಿ?