ಮಳೆ ಎಷ್ಟು ಅಂತ ಕೇಳಿದರೆ ಸಾಲದು

ಮೊನ್ನೆ ಮಗಳು ಪ್ರಪಂಚದ ನಕ್ಷೆಗೆ ಬಣ್ಣ ತುಂಬುತ್ತಾ ಕೂತಿದ್ದಳು. ಮರುಭೂಮಿಗೆ ಹಳದಿ, ಕಾಡಿಗೆ ಹಸಿರು, ಹುಲ್ಲುಗಾವಲಿಗೆ ತಿಳಿಹಸಿರು. ಪಕ್ಕದಲ್ಲಿ ಒಂದು ಸೂಚನೆ: ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬಿದ್ದರೆ ಅದು ಮರುಭೂಮಿ. ಸೈಬೀರಿಯಾದ ಯಾಕುಟ್ಸ್ಕ್ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು.

"ಅಪ್ಪಾ, ಇಲ್ಲಿ ಮಳೆ, ಹಿಮ ಎಲ್ಲಾ ಸೇರಿ 240 ಅಂತಿದೆ. ಆದ್ರೆ ಕಾಡು ಅಂತ ತೋರಿಸಿದ್ದಾರೆ. ಪ್ರಿಂಟ್ ತಪ್ಪಾಗಿದ್ಯಾ?"

ಪ್ರಿಂಟ್ ಸರಿಯಾಗೇ ಇತ್ತು. ನನಗೆ ಸಿಟ್ಟು ಬಂದಿದ್ದು ಆ ಸೂಚನೆಯ ಮೇಲೆ.

ಮಳೆ ಅನ್ನೋದು ಸಂಬಳ ಇದ್ದ ಹಾಗೆ. ಸಂಬಳ ಒಂದನ್ನೇ ಕೇಳಿಕೊಂಡು ಮನೆ ಹೇಗೆ ನಡೆಯುತ್ತಿದೆ ಅಂತ ಹೇಳಲು ಆಗುತ್ತದಾ? ಖರ್ಚೂ ಗೊತ್ತಿರಬೇಕು. ನೀರಿನ ಖರ್ಚು ಅಂದರೆ ಬಿಸಿಲಿಗೆ ಆವಿಯಾಗುವುದು, ಎಲೆಗಳಿಂದ ಆರಿ ಹೋಗುವುದು. ಯಾಕುಟ್ಸ್ಕ್‌ನಲ್ಲಿ ಜನವರಿಯ ಸರಾಸರಿಯೇ ಮೈನಸ್ 38ರ ಆಸುಪಾಸು. ವರ್ಷದಲ್ಲಿ ಏಳು ತಿಂಗಳು ಖರ್ಚು ಇಲ್ಲ ಅಂದರೂ ನಡೆಯುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲ್ಮೇಲಿನ ಮಣ್ಣು ಮಾತ್ರ. ಅದರ ಕೆಳಗೆ ನೂರಾರು ಮೀಟರ್ ಆಳಕ್ಕೆ ನೆಲ ಹೆಪ್ಪುಗಟ್ಟಿಕೊಂಡೇ ಇರುತ್ತದೆ, ಗಾರೆ ಹಾಕಿದ ತೊಟ್ಟಿಯ ಹಾಗೆ. ನೀರು ಇಂಗಿ ಹೋಗಲು ದಾರಿಯೇ ಇಲ್ಲ. ಬಿದ್ದದ್ದೆಲ್ಲ ಬೇರಿನ ಹತ್ತಿರವೇ ನಿಲ್ಲುತ್ತದೆ.

ಅಲ್ಲಿ ನಿಂತಿರುವುದು ಲಾರ್ಚ್ ಕಾಡು. ಸೂಜಿ ಎಲೆಯ ಮರ. ಪೈನ್ ಜಾತಿಯದೇ, ಆದರೆ ಪೈನ್ ಹಾಗೆ ವರ್ಷವಿಡೀ ಹಸಿರಲ್ಲ. ಚಳಿ ಶುರುವಾಗುವ ಹೊತ್ತಿಗೆ ಹಳದಿಯಾಗಿ ಸೂಜಿಗಳನ್ನೆಲ್ಲ ಉದುರಿಸಿಬಿಡುತ್ತದೆ. ನೆಲ ಕಲ್ಲಾದ ಮೇಲೆ ಬೇರಿಗೆ ನೀರು ಸಿಗುವುದಿಲ್ಲ. ಎಲೆ ಇಟ್ಟುಕೊಂಡರೆ ಬರೀ ನಷ್ಟ ಅಲ್ವಾ?

ಅದೇ 240 ಮಿ.ಮೀ. ಸಹಾರಾದ ದಕ್ಷಿಣದ ಅಂಚಿನಲ್ಲಿ ಸುರಿಯಲಿ. ಮುಳ್ಳು ಪೊದೆ, ಅಲ್ಲೊಂದು ಇಲ್ಲೊಂದು ಹುಲ್ಲಿನ ಗುಪ್ಪೆ. ಅಷ್ಟೇ.

ಈ ಜಮಾಖರ್ಚನ್ನು ನೂರು ವರ್ಷದ ಹಿಂದೆಯೇ ಲೆಕ್ಕಕ್ಕೆ ಇಳಿಸಿದವರು ವ್ಲಾಡಿಮಿರ್ ಕೊಪ್ಪೆನ್. ಗಿಡಗಳ ಬೆಳವಣಿಗೆಯ ಬಗ್ಗೆ ಓದಿ ಬಂದ ಹವಾಮಾನ ತಜ್ಞ. ಗಿಡಮರ ಎಲ್ಲಿ ಬದಲಾಗುತ್ತದೆ ಅಂತ ಮೊದಲು ನೋಡಿ, ಆಮೇಲೆ ಅಲ್ಲಿನ ಸೆಕೆ, ಮಳೆಯ ಅಂಕಿ ಹುಡುಕುತ್ತಿದ್ದರು. ಅವರ ಸೂತ್ರ ಸುಲಭ. ವರ್ಷದ ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ. ಮಳೆ ಬಹುಪಾಲು ಬೇಸಿಗೆ ಕಡೆಯ ಆರು ತಿಂಗಳಲ್ಲಿ ಬಿದ್ದರೆ 280 ಕೂಡಿಸಿ. ಆ ಸಂಖ್ಯೆಗಿಂತ ಮಳೆ ಕಡಿಮೆಯಾದರೆ ಒಣ ಪ್ರದೇಶ, ಅದರ ಅರ್ಧಕ್ಕಿಂತಲೂ ಕಡಿಮೆಯಾದರೆ ಮರುಭೂಮಿ.

ಸರಾಸರಿ 28 ಡಿಗ್ರಿ ಇರುವ, ಬೇಸಿಗೆ ಕಡೆಗೇ ಮಳೆ ಬೀಳುವ ಜಾಗಕ್ಕೆ ಹಾಕಿದೆವು: 840. ಅಂದರೆ ಅಲ್ಲಿ 400 ಮಿ.ಮೀ. ಮಳೆ ಬಿದ್ದರೂ ಮರುಭೂಮಿಯೇ! ಯಾಕುಟ್ಸ್ಕ್‌ನ ಸರಾಸರಿ ಮೈನಸ್ 9 ಅಂತ ಇಟ್ಟುಕೊಂಡರೆ ಬರುವುದು ಬರೀ 100. ಮಗಳು ನಂಬದೆ ಕ್ಯಾಲ್ಕುಲೇಟರ್ ತಂದು ಇನ್ನೊಂದು ಸಲ ಹಾಕಿದಳು. ಆಮೇಲೆ ಸುಮ್ನೆ ಹಸಿರು ಪೆನ್ಸಿಲ್ ತೆಗೆದುಕೊಂಡಳು.

ಆ 280 ಇದೆಯಲ್ಲ, ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಮಳೆ ಚಳಿಗಾಲದಲ್ಲಿ ಬೀಳುವ ಕಡೆ ಅದನ್ನು ಕೂಡಿಸುವ ಹಾಗಿಲ್ಲ. ತಣ್ಣಗಿರುವಾಗ ಬಿದ್ದ ನೀರು ಮಣ್ಣಲ್ಲಿ ಉಳಿಯುತ್ತದೆ. ಸುಡು ಬೇಸಿಗೆಯಲ್ಲಿ ಬಿದ್ದದ್ದು ಅರ್ಧ ಹಾಗೇ ಹಾರಿಹೋಗುತ್ತದೆ. ಸಂಬಳ ಯಾವ ತಾರೀಕಿಗೆ ಬಂತು ಅನ್ನುವುದೂ ಮುಖ್ಯ ಅಂತ ಆ ಮನುಷ್ಯ ಸೂತ್ರದೊಳಗೇ ಬರೆದಿಟ್ಟಿದ್ದಾರೆ.

ಸವನ್ನಾ ನೋಡಿ, ಅಲ್ಲೊಂದು ಇಲ್ಲೊಂದು ಮರವಿರುವ ಹುಲ್ಲುಗಾವಲು. ಆಫ್ರಿಕಾದಲ್ಲಿ ವರ್ಷಕ್ಕೆ 1,000 ಮಿ.ಮೀ. ಮಳೆ ಕಂಡೂ ದಟ್ಟ ಕಾಡಾಗದ ಸವನ್ನಾಗಳಿವೆ. ಮಳೆಯೆಲ್ಲ ಕೆಲವೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಆಳೆತ್ತರದ ಹುಲ್ಲು ಬೆಳೆದು, ಒಣಗಿ, ಬೆಂಕಿ ಬೀಳುತ್ತದೆ. ಸಸಿಗಳು ಸುಟ್ಟು ಹೋಗುತ್ತವೆ. ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಸಾವಿರಾರು ವರ್ಷಗಳಿಂದ ಹೀಗೇ ನಡೆದಿದೆ. ಇದನ್ನು ಹಾಳಾದ ಕಾಡು ಅಂದುಕೊಂಡು ಸಾಲುಸಾಲಾಗಿ ಮರ ನೆಟ್ಟು ಫೋಟೋ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿಸಿಲು ಬೇಕಾದ ಹುಲ್ಲು ನೆರಳಲ್ಲಿ ಸಾಯುತ್ತದೆ, ಅದನ್ನು ನಂಬಿದ ಪ್ರಾಣಿಗಳೂ ಹೋಗುತ್ತವೆ.

ಒಂದೇ ಥರದ ಹವಾಮಾನ ಇದ್ದರೆ ಸಂಬಂಧವೇ ಇಲ್ಲದ ಗಿಡಗಳೂ ಒಂದೇ ವೇಷ ಹಾಕುತ್ತವೆ. ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ಆಫ್ರಿಕಾದ ಕೇಪ್ ತುದಿ, ನೈರುತ್ಯ ಆಸ್ಟ್ರೇಲಿಯಾ, ಎಲ್ಲ ಕಡೆ ಬೇಸಿಗೆ ಒಣ, ಚಳಿಗಾಲ ಒದ್ದೆ. ಎಲ್ಲ ಕಡೆಯೂ ಸಣ್ಣ, ದಪ್ಪ, ಚರ್ಮದಂಥ ಎಲೆಯ ಪೊದೆಗಳು. ಕಳ್ಳಿಯದೂ ಇದೇ ಕಥೆ. ಅಮೆರಿಕದಿಂದ ಬಂದ ಪಾಪಾಸುಕಳ್ಳಿ ಒಂದು ವಂಶ, ಹಾಲುಗಳ್ಳಿ ಇನ್ನೊಂದು ವಂಶ. ನಾವು ಮುಳ್ಳು ನೋಡಿ ಎರಡಕ್ಕೂ ಕಳ್ಳಿ ಅಂದುಬಿಟ್ಟೆವು. ಮುರಿದರೆ ಗುಟ್ಟು ಬಯಲು: ಒಂದರಲ್ಲಿ ಬಿಳಿ ಹಾಲು, ಇನ್ನೊಂದರಲ್ಲಿ ಬರೀ ಲೋಳೆ. (ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡಿ ಮಾರಾಯ್ರೇ.)

ಕೊನೆಗೆ ಸಹಾರಾಕ್ಕೆ ಹಳದಿ ಬಳಿಯುವಾಗ ನಾನೇ ತಲೆ ಹಾಕಿದೆ. ಸಮಭಾಜಕದ ಹತ್ತಿರ ಮೇಲೇರಿದ ಗಾಳಿ ಮಳೆಯೆಲ್ಲ ಅಲ್ಲೇ ಸುರಿಸಿ, 30 ಡಿಗ್ರಿ ಅಕ್ಷಾಂಶದ ಸುತ್ತ ಒಣಗಿಕೊಂಡು ಕೆಳಗಿಳಿಯುತ್ತದೆ. ಅದಕ್ಕೇ ಆ ಪಟ್ಟಿಯಲ್ಲಿ ಇಷ್ಟೊಂದು ಮರುಭೂಮಿ. ಆದರೆ 6,000 ವರ್ಷದ ಹಿಂದೆ ಈ ನಕ್ಷೆ ಬರೆದಿದ್ದರೆ ಸಹಾರಾದ ಬಹುಭಾಗಕ್ಕೆ ತಿಳಿಹಸಿರು ಬೇಕಾಗುತ್ತಿತ್ತು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತಿರುಗುತ್ತದೆ. ಆಗ ಉತ್ತರದ ಬೇಸಿಗೆಗೆ ಬಿಸಿಲು ಜಾಸ್ತಿ ಸಿಗುತ್ತಿತ್ತು, ಮಾನ್ಸೂನ್ ಇನ್ನೂ ಉತ್ತರಕ್ಕೆ ತಲುಪುತ್ತಿತ್ತು. ಅಲ್ಜೀರಿಯಾದ ತಾಸಿಲಿ ಬಂಡೆಗಳ ಮೇಲೆ ದನದ ಹಿಂಡುಗಳ ಚಿತ್ರಗಳಿವೆ.

ಆಗ ಈಗಿನ ಚಾಡ್ ದೇಶದಲ್ಲಿ ಸಮುದ್ರದಂಥ ಒಂದು ಸರೋವರವಿತ್ತು. ಅದರ ಒಣಗಿದ ತಳದ ಒಂದು ಭಾಗವೇ ಬೊಡೆಲೆ ತಗ್ಗು. ಅಲ್ಲಿರುವುದು ನೀರಲ್ಲಿ ಬದುಕಿದ್ದ ಡಯಾಟಮ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪಿನ ಬಿಳಿ ಪುಡಿ. ಗಾಳಿ ಅದನ್ನು ಎತ್ತಿ ಅಟ್ಲಾಂಟಿಕ್ ದಾಟಿಸುತ್ತದೆ. ಗಿಡಗಳಿಗೆ ಬೇಕಾದ, ಅಮೆಜಾನ್‌ನ ಮಣ್ಣಿನ ರಂಜಕವನ್ನು ಅಲ್ಲಿನ ಮಳೆಯೇ ತೊಳೆದುಕೊಂಡು ಹೋಗುತ್ತಿರುತ್ತದೆ. ಅದರಲ್ಲಿ ಒಂದಷ್ಟನ್ನು ತುಂಬಿಕೊಡುವುದು ಈ ಸತ್ತ ಸರೋವರದ ಧೂಳು.