ಭಯಕ್ಕೆ ಎ, ಬಿ, ಸಿ ಗ್ರೇಡು

ಇನ್ನೊಂದು ಕೊಲೆ ಕೇಸಿನಲ್ಲಿ ಸಾಕ್ಷಿಗಳೆಲ್ಲ ಉಲ್ಟಾ ಹೊಡೆದರಂತೆ, ಆರೋಪಿಗಳು ಖುಲಾಸೆಯಂತೆ. ನೀವೂ ಓದಿರುತ್ತೀರಿ. ಯಾವ ಕೇಸು ಅಂತ ಹೇಳುವುದೇ ಬೇಡ, ಹೆಸರು ಬದಲಿಸಿದರೆ ಹೋದ ತಿಂಗಳದ್ದೂ ಅದೇ. ಪೊಲೀಸರ ಮುಂದೆ ಕಣ್ಣಾರೆ ಕಂಡೆ ಎಂದವನು ಕಟಕಟೆ ಹತ್ತಿದಾಗ ‘ನಾನು ಅವತ್ತು ಊರಲ್ಲೇ ಇರಲಿಲ್ಲ ಸ್ವಾಮಿ’ ಅನ್ನುತ್ತಾನೆ. ದುಡ್ಡು ತಿಂದಿರಬೇಕು ಅಂತ ನಾವು ಕೂತಲ್ಲೇ ತೀರ್ಪು ಕೊಡುತ್ತೇವೆ.

ಹಾಗಂತ ಸಾಕ್ಷಿಯನ್ನು ಯಾರೂ ಕೈಬಿಟ್ಟಿಲ್ಲ! 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ. ಸ್ವಯಂಘೋಷಿತ ದೇವಮಾನವ ಆಸಾರಾಮ್‌ನ ಅತ್ಯಾಚಾರ ಕೇಸಿನ ಕೆಲವು ಸಾಕ್ಷಿಗಳು ಹೆಣವಾದ ಮೇಲೆ ಸುಪ್ರೀಂ ಕೋರ್ಟ್ ಒಪ್ಪಿ, ಬೇರೆ ಕಾನೂನು ಬರುವ ತನಕ ಇದೇ ಕಾನೂನು ಅಂದಿತು. ಎಂಥ ಶಿಸ್ತು ಅಂತೀರಿ! ಜೀವಕ್ಕೆ ಅಪಾಯವಿದ್ದರೆ ಎ ವರ್ಗ. ಸುರಕ್ಷತೆ, ಮರ್ಯಾದೆ, ಆಸ್ತಿಗಾದರೆ ಬಿ. ಬರೀ ಕಿರುಕುಳ, ಗದರಿಕೆ ಇದ್ದರೆ ಸಿ. ‘ಕತ್ತು ಸೀಳ್ತೀನಿ’ ಅಂದರೆ ಫಸ್ಟ್ ಕ್ಲಾಸ್, ‘ನಿನ್ನ ನೋಡ್ಕೋತೀನಿ’ ಅಂದರೆ ಜಸ್ಟ್ ಪಾಸ್. ಬೆದರಿಸುವವರು ಸ್ವಲ್ಪ ಸ್ಪಷ್ಟವಾಗಿ ಬೆದರಿಸಬೇಕು, ಅಷ್ಟೇ.

ಹೆದರಿದವನು ಅರ್ಜಿ ಹಾಕಬೇಕು. ಅವನ ಭಯ ಎಷ್ಟು ನಿಜ ಅಂತ ಡಿವೈಎಸ್ಪಿ ವರದಿ ಕೊಡಬೇಕು. ಜಿಲ್ಲಾ ನ್ಯಾಯಾಧೀಶರ ಸಮಿತಿ ಒಪ್ಪಬೇಕು. ರಕ್ಷಣೆ ಸಿಕ್ಕರೂ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ತಿಂಗಳು. ಕೇಸು ಎಷ್ಟು ವರ್ಷ ಎಳೆಯುತ್ತದೆ ಅಂತ ಕೇಳಬೇಡಿ.

ಗುರುತು ಗುಟ್ಟಾಗಿಡುವ ಸೌಲಭ್ಯವೂ ಉಂಟು. ಅದಕ್ಕೆ ಅರ್ಜಿ ಹಾಕಿ ಒಪ್ಪಿಗೆ ಪಡೆಯದವನ ಹೆಸರು, ವಿಳಾಸ ಚಾರ್ಜ್‌ಶೀಟಿನಲ್ಲೇ ಇರುತ್ತದೆ. ಅದರ ಪ್ರತಿ ಆರೋಪಿಗೆ ಉಚಿತ. ಕೊಡಲೇಬೇಕು ಬಿಡಿ, ತನ್ನ ಮೇಲೆ ಯಾರು ಏನು ಹೇಳಿದ್ದಾರೆ ಅಂತ ತಿಳಿಯುವುದು ಅವನ ಹಕ್ಕು. ಆದರೆ ವಿಚಾರಣೆ ದಿನ ನೋಡಿ. ಕೋರ್ಟಿನ ವರಾಂಡದಲ್ಲಿ ಒಂದೇ ಬೆಂಚು. ಈ ತುದಿಯಲ್ಲಿ ಸಾಕ್ಷಿ, ಕೈಯಲ್ಲಿ ಬೆವರಿಗೆ ಮೆತ್ತಗಾದ ಸಮನ್ಸ್. ಆ ತುದಿಯಲ್ಲಿ ಜಾಮೀನಿನ ಮೇಲಿರುವ ಆರೋಪಿ, ಸುತ್ತ ಅವನ ಹುಡುಗರು. ‘ಮಗಳು ಕಾಲೇಜಿಗೆ ಯಾವ ಬಸ್ಸಲ್ಲಿ ಹೋಗ್ತಾಳೆ ಅಣ್ಣಾ?’ ಸುಮ್ನೆ ವಿಚಾರಿಸಿದ್ದು. ಇದು ಯಾವ ಗ್ರೇಡು? ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದು ಸಾಕ್ಷಿಯ ಹೆಸರನ್ನು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಾನೆ. ಒಳಗೆ ಹೋದರೆ ವಕೀಲರು ಟೈಮ್ ಕೇಳಿರುತ್ತಾರೆ. ಮುಂದಿನ ಡೇಟ್. ಮತ್ತೆ ಅದೇ ಬೆಂಚು.

ಸುಳ್ಳು ಸಾಕ್ಷಿ ಹೇಳು ಅಂತ ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಮಿನಲ್ಲಿ 7 ವರ್ಷದವರೆಗೆ ಜೈಲು. ಬೆದರಿಸಿದ್ದು ಸಾಬೀತಾಗಬೇಕಲ್ವಾ? ಅದಕ್ಕೊಬ್ಬ ಸಾಕ್ಷಿ ಹುಡುಕಿ.

ತಮಾಷೆ ಸಾಕು. ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಮಳಿಮಠ ಸಮಿತಿ ಸಾಕ್ಷಿ ರಕ್ಷಣೆಗೆ ಕಾನೂನು ಬೇಕು ಅಂದದ್ದು 2003ರಲ್ಲಿ. 2024ರ ಜುಲೈ 1ಕ್ಕೆ ಹಳೇ ಸಿಆರ್‌ಪಿಸಿ ಜಾಗದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಹೇಳುವುದಿಷ್ಟೇ: ರಾಜ್ಯಗಳು ಒಂದು ಯೋಜನೆ ಮಾಡಿ ಪ್ರಕಟಿಸಲಿ. ಇಷ್ಟು ವರ್ಷ ಕಾದಿದ್ದಕ್ಕೆ ಒಂದು ವಾಕ್ಯ. ಸಾಕ್ಷಿ, ಆರೋಪಿ ಮುಖಾಮುಖಿ ಆಗದಂತೆ ನೋಡಿಕೊಳ್ಳಿ ಅಂತ 2018ರ ಯೋಜನೆಯಲ್ಲೇ ಬರೆದಿದೆ. ಅದಕ್ಕೆ ಸಂಸತ್ತು ಬೇಕಿಲ್ಲ. ಬೇರೆ ಕೋಣೆ, ಬೇರೆ ಬಾಗಿಲು ಇದ್ದರೆ ಆಯಿತು. ಅಷ್ಟನ್ನೂ ಕೊಡದವರು ಹೆದರಿ ಉಲ್ಟಾ ಹೊಡೆದವನನ್ನು ‘ಪ್ರತಿಕೂಲ ಸಾಕ್ಷಿ’ ಅಂತ ಯಾವ ಮುಖ ಇಟ್ಟುಕೊಂಡು ಕರೆಯುತ್ತಾರೋ!