ಗಾಜಿನ ಮನೆಗೆ ಬಂದ ಅಳಿಯ

ನಮ್ಮನೆಯ ಅಕ್ವೇರಿಯಂ ನೋಡಿದವರು ಮೊದಲು ಕೇಳುವುದು ಒಂದೇ: "ಮೀನೆಲ್ಲಿ ಸಾರ್?" ಇವೆ ಸ್ವಾಮಿ, ಗಿಡದ ಹಿಂದೆ. ಇಲ್ಲಿ ಯಜಮಾನಿಕೆ ಮೀನಿನದಲ್ಲ, ರೊಟಾಲಾ ಮ್ಯಾಕ್ರಾಂಡ್ರಾ ಅನ್ನುವ ಕೆಂಪು ಗಿಡದ್ದು.

ಹೆಸರು ಕೇಳಿ ಫಾರಿನ್ನಿನದು ಅಂದುಕೊಳ್ಳಬೇಡಿ. ನಮ್ಮ ದಕ್ಷಿಣ ಭಾರತದ್ದೇ. ಜೌಗು ನೆಲದಲ್ಲಿ ತನ್ನ ಪಾಡಿಗೆ ಬೆಳೆಯುತ್ತದೆ. ಅಲ್ಲಿ ಅದಕ್ಕೆ ಗೊಬ್ಬರ ಹಾಕುವವರಿಲ್ಲ, ಹೇಗಿದ್ದೀಯಾ ಅಂತ ಕೇಳುವವರೂ ಇಲ್ಲ. ಅದೇ ಗಿಡ ಗಾಜಿನ ತೊಟ್ಟಿಗೆ ಇಳಿಯಿತೋ, ಮೊದಲ ದೀಪಾವಳಿಗೆ ಬಂದ ಅಳಿಯ. ಏನು ಬಡಿಸಿದರೂ ಮುಖ ಸಪ್ಪೆ.

ಮೊದಲ ತಕರಾರು ನೀರಿನದು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಇದಕ್ಕೆ ಆಗಿಬರುವುದಿಲ್ಲ. ಹಾಗಾಗಿ ಕುಡಿಯಲು ಹಿಡಿದಿಟ್ಟ ಕಾವೇರಿ ನೀರಿನಲ್ಲಿ ಇದಕ್ಕೂ ಒಂದು ಪಾಲು, ಅದೂ ಕ್ಲೋರಿನ್ ತೆಗೆದ ಮೇಲೆ.

ಎರಡನೆಯದು ಗ್ಯಾಸ್. ಅಡುಗೆಯದಲ್ಲ, ಕಾರ್ಬನ್ ಡೈಆಕ್ಸೈಡ್. ಅದು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸುತ್ತ ನೀರಿದ್ದೂ ಎಲೆ ಉಪವಾಸ. ಅದಕ್ಕೇ ಪುಟ್ಟ ಸಿಲಿಂಡರ್ ಇಟ್ಟು ಲೀಟರಿಗೆ 30 ಮಿಲಿಗ್ರಾಂ ಆಸುಪಾಸು ಇರುವಂತೆ ಬಿಡಬೇಕು. ಗ್ಯಾಸ್ ಎಷ್ಟಿದೆ ಅಂತ ತೋರಿಸಲು ತೊಟ್ಟಿಯೊಳಗೆ ತೂಗುವ ಗಾಜಿನ ಬುರುಡೆಯಲ್ಲಿರುವ ದ್ರಾವಣದ ಬಣ್ಣ ನೋಡಿಕೊಳ್ಳುತ್ತಿರಬೇಕು. ನೀಲಿ ಅಂದರೆ ಕಡಿಮೆ, ಹಸಿರು ಸರಿ, ಹಳದಿ ಅಂದರೆ ಜಾಸ್ತಿ. ಜಾಸ್ತಿಯಾದರೆ ಗಿಡಕ್ಕೇನೂ ಇಲ್ಲ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ರಾತ್ರಿ ಗ್ಯಾಸ್ ಬಂದ್, ಕತ್ತಲಲ್ಲಿ ಗಿಡಕ್ಕೆ ಅದು ಬೇಡ. ಸಿಲಿಂಡರಿಗೆ ದುಡ್ಡಿಲ್ಲದವರು ಬಾಟಲಿಯಲ್ಲಿ ಸಕ್ಕರೆ, ಯೀಸ್ಟ್, ನೀರು ಕಲಸಿ ಪೈಪ್ ಹಾಕುತ್ತಾರೆ. ಗ್ಯಾಸೇನೋ ಬರುತ್ತದೆ, ಜೊತೆಗೆ ವಾಸನೆಯೂ. ನೆಂಟರು ಬಂದಾಗ ಆ ಬಾಟಲಿ ಒಳಗಿಡುವುದು ಒಳ್ಳೆಯದು. ಕಳ್ಳಭಟ್ಟಿ ಅಂದರೆ ಪೂರ್ತಿ ಸುಳ್ಳು ಅನ್ನುವಂತೆಯೂ ಇಲ್ಲ, ಅಲ್ವಾ?

ಬೆಳಕಿನ ಕಥೆ ಚಿಕ್ಕದು. ಜೋರು ಬೆಳಕಿಲ್ಲದಿದ್ದರೆ ಕೆಂಪು ಬರುವುದಿಲ್ಲ. ದಿನಕ್ಕೆ ಏಳೆಂಟು ಗಂಟೆ ದಾಟಿತೋ, ಪಾಚಿಗೆ ಹಬ್ಬ.

ಹೊಸಬರು ಗಾಬರಿಯಾಗುವುದು ಮಾತ್ರ ಇನ್ನೊಂದಕ್ಕೆ. ಅಂಗಡಿಯಿಂದ ತಂದ ಗಿಡ ವಾರ ಕಳೆಯುವುದರೊಳಗೆ ಕೊಳೆಯತೊಡಗುತ್ತದೆ. ಫಾರಂಗಳಲ್ಲಿ ಇಂಥ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆಯೇ ಬೆಳೆಸುತ್ತಾರೆ. ಗಾಳಿಯಲ್ಲಿ ಚಿಗುರಿದ ಎಲೆ ನೀರೊಳಗೆ ಬಾಳುವುದಿಲ್ಲ. ಕರಗಿ ಹೋಗಲಿ, ಬಿಡಿ. ನೋಡಬೇಕಾದದ್ದು ತುದಿಯ ಚಿಗುರು. ಅದು ಕೆಂಪಗೆ, ಅಂಚು ನಿರಿಗೆಯಾಗಿ ಬರುತ್ತಿದ್ದರೆ ಅಳಿಯಂದಿರಿಗೆ ಮನೆ ಒಗ್ಗಿತು ಅಂತ ಲೆಕ್ಕ.

ಇಷ್ಟೆಲ್ಲ ಕೇಳಿದ ಮೇಲೂ "ನಂಗೂ ಒಂದು ಕಡ್ಡಿ ಕೊಡಿ" ಅನ್ನುವವರಿದ್ದಾರೆ. ಅವರಿಗೆ ನಾನು ಮೊದಲು ಕೊಡುವುದು ಜಾವಾ ಫರ್ನ್. ತುಂಡು ಮರಕ್ಕೆ ದಾರದಲ್ಲಿ ಕಟ್ಟಿದರೆ ಮುಗಿಯಿತು. ಗ್ಯಾಸ್ ಬೇಡ, ಜೋರು ಬೆಳಕೂ ಬೇಡ. ಅದು ಆರು ತಿಂಗಳು ಬದುಕಲಿ, ಆಮೇಲೆ ಬನ್ನಿ, ರೊಟಾಲಾ ಮಾತಾಡೋಣ.